ನಲವತ್ಮೂರನೆಯ ಮನೆ

ಎಂಬತ್ತು ಯೂರೋಗೆ ಕೊಟ್ಟಳು ಹೆಲ್ವಿ,
ತೀರಿಹೋದ ಗಂಡನ ಪೆಡಲನ್ನು
ಹಳೆಯ ಟವೆಲಿನಲ್ಲಿ ಸುತ್ತಿ, ಮೀನು ಕೊಟ್ಟ ಹಾಗೆ.
ಕಾಫಿ ಕುಡಿದೇ ಹೋಗು ಅಂದಳು. ಕುಡಿದೆ.
ಅಡಾಪ್ಟರ್ ಹುಡುಕಿ ತರುವಷ್ಟರಲ್ಲಿ ಇನ್ನೊಂದು ಲೋಟ.

ಅರವತ್ತು ಮನೆ ಅದರೊಳಗೆ.
ಮನೆಗೊಂದು ಸದ್ದು,
ಬಾಗಿಲ ಮೇಲೆ ಎಂಟಕ್ಷರ ಮೀರದ ಹೆಸರು.
ಕುವೋಪಿಯೊ ಅನ್ನುವ ನಮ್ಮ ಊರು ಹಿಡಿಸುತ್ತದೆ,
ನನ್ನ ಅಡ್ಡಹೆಸರು ಹಿಡಿಸುವುದಿಲ್ಲ.
ಓಯ್ವ ಇಟ್ಟ ಹೆಸರುಗಳು:
ಚಳಿಗಾಲ. ಇಗರ್ಜಿ. ಹಳೇ ವ್ಯಾನು.
ಟ್ಯಾಂಗೊ ಒಂದು, ಟ್ಯಾಂಗೊ ಎರಡು, ಟ್ಯಾಂಗೊ ಸಾಕು.

ಒಂದೊಂದೇ ಮನೆ ಖಾಲಿ ಮಾಡಿಸಿದೆ ನಾನು.
ಗುಂಡಿ ಒತ್ತಿ ಹಿಡಿಯಬೇಕು, ಎರಡು ಸೆಕೆಂಡು.
ಕೆಂಪು ದೀಪ ಮಿಟುಕುತ್ತದೆ, ಆಗ ಬಿಡಬೇಕು.
ಉಳಿಸುವ ಗುಂಡಿ ಅಂತ ಅದರ ಹೆಸರು.
ಅಳಿಸುವ ಗುಂಡಿ ಅಂತ ಬೇರೆ ಇಲ್ಲ.
ಚಳಿಗಾಲದ ಮೇಲೆ ನನ್ನ ಫಜ್,
ಇಗರ್ಜಿಯ ಮೇಲೆ ಕೋರಸ್,
ಹಳೇ ವ್ಯಾನನ್ನು ಮೂರು ದಿನ ಮುಂದೂಡಿದೆ,
ಕೊನೆಗೆ ಅದರ ಮೇಲೂ ಏನೋ ಒಂದು.
ಉಳಿಸದೆ ಬಿಟ್ಟರೋ,
ಗಂಟೆಗಟ್ಟಲೆ ತಿರುಪು ತಿರುಗಿಸಿ ಹದಕ್ಕೆ ತಂದದ್ದು
ಪಕ್ಕದ ಗುಂಡಿಗೆ ಕಾಲು ತಾಗಿದರೆ ಹೋಯಿತು,
ಅತ್ತ ನೋಡುವಷ್ಟರಲ್ಲಿ ಹಾಲು ಉಕ್ಕಿದ ಹಾಗೆ.

ನಲವತ್ಮೂರರ ಮುಂದೆ ಕೈ ನಿಂತಿತು.
ಮನೆಯ ಹೆಸರು: ಬೇಡ.
ಏನು ಬೇಡ? ಬಾರಿಸುವುದೇ? ಅಳಿಸುವುದೇ?
ಹೊಕ್ಕು ನೋಡಿದರೆ ಅಂಥದ್ದೇನಿಲ್ಲ.
ಹೆಚ್ಚುಕಡಿಮೆ ಎಲ್ಲವನ್ನೂ ಆರಿಸಿಟ್ಟಿದ್ದಾನೆ.
ತುಸು ಕಂಪ್ರೆಸರ್,
ಮತ್ತೊಂದು ಡಿಲೇ, ಎಷ್ಟು ಸಣ್ಣದೆಂದರೆ
ಸ್ವರದ ಹಿಂದೆ ಯಾರೋ ಚಪ್ಪಲಿ ಬಿಟ್ಟು ಬಂದ ಹಾಗೆ.

ಜೂನ್. ಸರೋವರದ ದಂಡೆಯ ಕುಣಿತದ ಚಾವಡಿ.
ರಾತ್ರಿ ಹನ್ನೊಂದಾದರೂ ಬೆಳಕು ಎದ್ದು ಹೋಗುವುದಿಲ್ಲ,
ಸೊಳ್ಳೆ ಹೊಡೆದುಕೊಳ್ಳುತ್ತಲೇ ಜೋಡಿಗಳು ಸುತ್ತುತ್ತಿದ್ದವು.
ವಾಲ್ಟ್ಸಿನ ನಡುವೆ ನನ್ನ ಬೂಟು ತಪ್ಪಿ
ನಲವತ್ಮೂರರ ಬಾಗಿಲು ತೆರೆಯಿತು.
ಅಕಾರ್ಡಿಯನ್ನಿನ ಯೂಸ್ಸಿ ತಿರುಗಿ ನೋಡಿದ,
ಇಪ್ಪತ್ತೇಳು ಬೇಸಿಗೆ ಓಯ್ವನ ಎಡಕ್ಕೆ ನಿಂತವನು.
ಏನೂ ಅನ್ನಲಿಲ್ಲ.
ಮುಂದಿನ ಸಾಲಿಗೆ ಕೊಂಚ ತಡವಾಗಿ ಬಂದ.

ಮರುದಿನ ಹೆಲ್ವಿಗೆ ಫೋನ್ ಮಾಡಿ ಕೇಳಿದೆ.
ಕೆಮ್ಮು ಬರುವವರೆಗೆ ನಕ್ಕಳು.
"ಅದಾ? ಅವನು ಅಕ್ಷರ ಕೂಡಿಸುತ್ತಾ ಕೂತಿದ್ದ,
ನಾಯಿ ವೈರು ಕಚ್ಚುತ್ತಿತ್ತು.
ಬೇಡ, ಬೇಡ ಅಂತ ಗದರುತ್ತಾ ಅದನ್ನೇ ಬರೆದುಬಿಟ್ಟ.
ಆಮೇಲೆ ತಿದ್ದುವುದಕ್ಕೆ ಸೋಮಾರಿತನ."
ಮುಸ್ತಿ ಅಂತ ನಾಯಿಯ ಹೆಸರು, ಕರಿಯ ಅಂದ ಹಾಗೆ.
ಅದು ಹೋಗಿಯೂ ಆರು ವರ್ಷವಂತೆ.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.
"ಒಮ್ಮೆ ಬಾರಿಸು," ಅಂದಳು.
ಫೋನನ್ನು ಆಂಪಿನ ಮುಂದಿನ ಸ್ಟೂಲಿಗಿಟ್ಟು
ದಪ್ಪ ತಂತಿಯನ್ನು ಹೆಬ್ಬೆರಳಿನಲ್ಲಿ ಮೀಟಿದೆ.
ಆಚೆ ಎಷ್ಟು ಕೇಳಿಸಿತೋ,
ಬಾಸು ಪೂರ್ತಿ ಹಿಡಿಸುವುದಿಲ್ಲ ಫೋನಿನೊಳಗೆ.
"ಜೋರಾಯಿತು. ಅಷ್ಟಿರಲಿಲ್ಲ.
ಗೋಡೆಯಾಚೆ ನಾನು ನಿದ್ದೆ ಮಾಡಬೇಕಿತ್ತಲ್ಲ."

ಲೆವೆಲ್ ಇಳಿಸಿದೆ.
"ಇನ್ನೂ."
ಇಳಿಸಿದೆ.
"ಹಾಂ."

ಆ ಹಾಂ ನಿಲ್ಲಬೇಕಾದರೆ ಉಳಿಸಬೇಕು.
ಉಳಿಸುವುದೆಂದರೆ ಓಯ್ವ ಇಟ್ಟುಹೋದದ್ದರ ಮೇಲೆ ಬರೆಯುವುದು.
ಬೇರೆ ಮನೆಯಲ್ಲಿ ಇಡಬಹುದಿತ್ತು, ನಿಜ;
ಅಷ್ಟರಲ್ಲೂ ಈಗ ನಾನೇ ಒಕ್ಕಲು.

ಸ್ಕ್ರೀನು ಕೇಳಿತು, ಬರೆಯಲೇ?
ಅದರ ಕೆಳಗೆ, ಬೇಡ.

ಒತ್ತಿ ಹಿಡಿದೆ.
ಒಂದು.
ಫೋನಿನಲ್ಲಿ ನಲ್ಲಿ ಬಿಟ್ಟ ಸದ್ದು,
ಹೆಲ್ವಿ ಲೋಟ ತೊಳೆಯಲು ಶುರುಮಾಡಿದ್ದಳು.
ಎರಡು.