ಉತ್ತರದ ಗೋಡೆ

ಮೂವತ್ತೊಂದು ವರುಷದ ಮೇಲೆ ಬಂದ ತಂಗಿ
ಕಾಫಿ ಬೇಡವೆಂದಳು.
ನಮ್ಮ ಜಟ್ಲೆಂಡಿನಲ್ಲಿ ಕಾಫಿ ಬೇಡವೆನ್ನುವುದು
ಹೊಸಿಲಲ್ಲೇ ನಿಂತು ಮಾತಾಡಿಸಿ ಹೊರಟ ಹಾಗೆ.
ಬಿಸಿನೀರು ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ಕುಡಿದಳು,
ಥೇಟ್ ಅಮ್ಮ, ಅಂಚನ್ನು ಊದಿ ಊದಿ.

ಕಡಲ ಗಾಳಿ ಕಿಟಕಿಗೆ ಮರಳು ಎರಚುತ್ತಿತ್ತು.
ನಾನು ಇಗರ್ಜಿಯ ಗಂಟೆ ಎಳೆಯುವವನು, ಗೋರಿ ತೋಡುವವನು,
ಶಾಸ್ತ್ರ ನನ್ನ ಕಸುಬಲ್ಲ. ಆದರೂ ಬಾಯಿ ಸುಮ್ಮನಿರಬೇಕಲ್ಲ:
ಥೀರಾ, ನಿಮ್ಮ ಯೂಟಾದ ದೇವರಿಗೆ ಮೈ ಉಂಟಂತೆ?

'ಉಂಟು. ಮೂಳೆ ಮಾಂಸದ ಮೈ.
ತಂದೆ ಬೇರೆ, ಮಗ ಬೇರೆ, ಆತ್ಮ ಬೇರೆ,
ಮನಸ್ಸು ಮಾತ್ರ ಒಂದು.'
ನಮ್ಮಲ್ಲಿ ಮೂವರೂ ಒಬ್ಬನೇ ದೇವರು. ಅದು ಹೇಗೆಂದರೆ
ಪಾದ್ರಿಗಳು ಕನ್ನಡಕ ಒರೆಸತೊಡಗುತ್ತಾರೆ.

'ಏನೂ ಇಲ್ಲದ್ದರಿಂದಲ್ಲ,
ಇದ್ದದ್ದನ್ನೇ ಕಲಸಿ ಕಟ್ಟಿದ ಲೋಕವನ್ನು' ಎಂದಳು.
ನಲವತ್ತು ವರುಷ ಮಣ್ಣು ಅಗೆದಿದ್ದೇನೆ,
ಇಲ್ಲದ್ದರಿಂದ ಏನಾದರೂ ಬಂದದ್ದನ್ನು ಕಂಡಿಲ್ಲ, ನಿಜ.
ಆದರೆ ಹಾಗೆಂದು ನಂಬಿದ್ದೆ. ಈಗಲೂ ನಂಬುತ್ತೇನೆ.

ಅವರ ಲಗ್ನ ಸತ್ತ ಮೇಲೂ ಮುಗಿಯುವುದಿಲ್ಲವಂತೆ.
ಇಂಗರ್ ಇದ್ದಿದ್ದರೆ ಕೇಳುತ್ತಿದ್ದೆ,
ಅಷ್ಟು ಕಾಲ ನನ್ನ ಗೊರಕೆ ತಡೆದುಕೊಳ್ಳುತ್ತೀಯಾ ಎಂದು.
(ಅವಳು ಏನೆನ್ನುತ್ತಿದ್ದಳೋ. ಅದನ್ನು ನೆನೆಯುತ್ತ
ಬೆಂಕಿಗೆ ಎರಡು ಸೌದೆ ಹೆಚ್ಚೇ ಹಾಕಿದೆ.)

ಆಮೇಲೆ ಚೀಲದಿಂದ ಪಟ್ಟಿ ತೆಗೆದಳು.
ಮೊದಲ ಹೆಸರು ಅಜ್ಜನದು, ಪಾದ್ರಿ ಡಿಟ್ಲೆವ್.
ಈ ಊರಿನ ನೆತ್ತಿನೆತ್ತಿಗೂ ಕಲ್ಲುಬಟ್ಟಲ ನೀರು ಚಿಮುಕಿಸಿ
ದೀಕ್ಷಾಸ್ನಾನ ಕೊಟ್ಟ ಅಜ್ಜ!
ಅವನ ಬದಲಿಗೆ ಇವಳ ಹದಿನಾಲ್ಕರ ಮಗ ಆರಿನ್
ಹನ್ನೆರಡು ಎತ್ತುಗಳ ಬೆನ್ನ ಮೇಲೆ ನಿಂತ ತೊಟ್ಟಿಯಲ್ಲಿ
ಮುಳುಗಿ ಎದ್ದನಂತೆ.

ಮೇಜು ಗುದ್ದಿದೆ. ಬಸಿ ಎಗರಿತು.
ಅಜ್ಜನ ನೀರು ನೀರಲ್ಲವೇ?
ನೀವು ಬಂದು ದೀಪ ಹಚ್ಚುವ ತನಕ
ನಾವೆಲ್ಲ ಕತ್ತಲಲ್ಲಿ ತಡಕಾಡುತ್ತಿದ್ದೆವೇ?

'ಬಾಗಿಲು ತೆರೆದಿಟ್ಟಿದ್ದೇವೆ, ಅಷ್ಟೇ.
ಬರುವುದು ಬಿಡುವುದು ಅವನ ಇಷ್ಟ.'
ಬರುವುದಿಲ್ಲ, ಎಂದೆ. ಅವನಿಗೆ ಮಂಡಿನೋವು.
ಅವಳು ನಕ್ಕಳು. ನನಗೆ ನಗಬೇಕೆಂದಿರಲಿಲ್ಲ.

ಪಟ್ಟಿಯ ಕೊನೆಗೆ ಹೆಸರಿಲ್ಲದ ಸಾಲು:
ಗಂಡು ಮಗು. ೧೮೭೯. ಕಾಲು ಗಂಟೆ.

ಹಿಮ ಬಿದ್ದ ರಾತ್ರಿ. ಅಜ್ಜ ಪಕ್ಕದೂರಿನಲ್ಲಿ
ಇನ್ನಾರದೋ ಕೂಸಿಗೆ ನೀರು ಹಾಕುತ್ತಿದ್ದ.
ಅಜ್ಜಿ ನೀರೆಂದು ಕೂಗಿದಳಂತೆ. ಸೂಲಗಿತ್ತಿ ತಂದಳು,
ಆಗಲೇ ತಡ.
ತಾನೇ ಓದಿ ಹೇಳುತ್ತಿದ್ದ ನಿಯಮಕ್ಕೆ ತಲೆಬಾಗಿ
ಅಜ್ಜ ಮಗನನ್ನು ಉತ್ತರದ ಗೋಡೆಯಾಚೆ ಹೂತ.
ಗಂಟೆ ಬಾರಿಸಗೊಡಲಿಲ್ಲ.

ಇವನಿಗೆ ಬದಲಾಗಿ ಯಾರು ಮುಳುಗಿದರು, ಕೇಳಿದೆ,
ದನಿ ಇನ್ನೂ ಒರಟಾಗಿಯೇ ಇತ್ತು.

'ಯಾರೂ ಇಲ್ಲ. ಎಂಟು ತುಂಬದವರಿಗೆ
ನಮ್ಮಲ್ಲಿ ನೀರು ಬೇಡ.
ಆದಾಮನ ತಪ್ಪು ಆದಾಮನದು, ಅಣ್ಣ.
ತೊಳೆಯಲು ಏನಿತ್ತು ಆ ಕೂಸಿನ ಮೈಮೇಲೆ?'

ನನಗೆ ಒಪ್ಪಿಗೆಯಿಲ್ಲ.
ಅವರ ಪುಸ್ತಕಕ್ಕೂ ಇಲ್ಲ, ಪ್ರವಾದಿಗೂ ಇಲ್ಲ,
ಗೋಪುರದ ತುದಿಗೆ ಶಿಲುಬೆಯಿಡದ ಅವರ ಗುಡಿಗೂ ಇಲ್ಲ.
ಸಾಯುವಾಗ ನಮ್ಮ ಪಾದ್ರಿಗಳನ್ನೇ ಕರೆಯಿರಿ.

ಆದರೂ ಸಂಜೆ ಅವಳನ್ನು ಅಲ್ಲಿಗೆ ಕರೆದೊಯ್ದೆ.
ಕಲ್ಲಿಲ್ಲ, ಗುರುತಿಲ್ಲ. ನನ್ನ ಕುಡುಗೋಲಿಗೆ ಗೊತ್ತು.
ಅಲ್ಲಿಗೆ ಬಂದಾಗ ಪ್ರತಿವರುಷ ನಿಧಾನ ಮಾಡುತ್ತಿದ್ದೆ,
ಏಕೆಂದು ಯಾರೂ ಕೇಳಿರಲಿಲ್ಲ.

ಥೀರಾ ಮಂಡಿಯೂರಿ
ಬರಿಗೈಯಲ್ಲೇ ತುರಿಕೆಗಿಡ ಕೀಳತೊಡಗಿದಳು.
ಕೈಗವಸು ಇದ್ದದ್ದು ಒಂದೇ ಜೊತೆ.
ಎಡಗೈಯದು ಅವಳಿಗೆ ಕೊಟ್ಟೆ.