ಬಣ್ಣ ತಪ್ಪಿದೆ

ಹ್ಯಾಲಿಫ್ಯಾಕ್ಸಿನ ಇಳಿಜಾರಿನಲ್ಲಿ, ಹಳೆಯ ಉಣ್ಣೆ ಗಿರಣಿಯ ನೆಲಮಾಳಿಗೆಯಲ್ಲಿ
ನಮ್ಮ ಅಚ್ಚುಕೂಟ. ನನ್ನ ಕೋಣೆಯ ಗೋಡೆಗೆಲ್ಲ ಬೂದು ಬಳಿದಿದೆ,
ಇದ್ದೊಂದು ಕಿಟಕಿಗೂ ಬೂದು ಪರದೆ,
ಹೊರಗಿನ ಬೆಳಕು ಒಳಬಂದು ಸುಳ್ಳು ಸಾಕ್ಷಿ ಹೇಳಬಾರದೆಂದು.

ಸಗ್ಡನ್ ಅಜ್ಜನ ಪಿಡಿಎಫ್ ಬಂದದ್ದು ಬುಧವಾರ:
ಡೇರೆ ಹೂಗಳ ಪಟ್ಟಿ, ಇಪ್ಪತ್ನಾಲ್ಕು ಪುಟ,
ಗೆಡ್ಡೆಯ ಬೆಲೆ ಪೌಂಡಿನಲ್ಲಿ, ಅಂಚೆ ವೆಚ್ಚ ಬೇರೆ.
ತೆರೆದು ನೋಡಿದರೆ
ಅಂಚಿನಾಚೆ ಒಂದೆಳೆಯೂ ಬಿಟ್ಟಿಲ್ಲ.
ರವಿಕೆ ಹೊಲಿಯುವವಳು ಒಳಗೆ ಮಡಚಿ ಬಿಡುತ್ತಾಳಲ್ಲ ಅರ್ಧ ಇಂಚು,
ಹಾಗೆ ಕತ್ತರಿಯ ಪಾಲಿಗೆಂದು ಮೂರು ಮಿಲಿಮೀಟರ್ ಬಿಡಬೇಕು ಸ್ವಾಮಿ,
ಇಲ್ಲದಿದ್ದರೆ ಹೂವಿನ ಪಕ್ಕ ಬಿಳಿ ಗೆರೆ ಹಲ್ಲು ಕಿರಿಯುತ್ತದೆ.
ಇದಕ್ಕಿವರು ಬ್ಲೀಡ್ ಎನ್ನುತ್ತಾರೆ.
ಕೆಲಸಕ್ಕೆ ಸೇರಿದ ವಾರ ಯಾರೋ "ಬ್ಲೀಡ್ ಇಲ್ಲ" ಎಂದು ಕೂಗಿದಾಗ
ರಕ್ತ ಬರದಿದ್ದರೆ ಒಳ್ಳೆಯದೇ ಆಯಿತಲ್ಲ ಅಂದುಕೊಂಡಿದ್ದೆ.

ಅಕ್ಷರಗಳದ್ದು ನಾಲ್ಕು ಮಸಿ ಕಲಸಿದ ಕಪ್ಪು:
ಕಾಗದ ಕೂದಲೆಳೆ ಜರುಗಿದರೂ ಸಾಕು, ಒಂದೊಂದಕ್ಕೂ ಕೆಂಪು ನೆರಳು.
ಒಂದೇ ಕಪ್ಪಿಗೆ ಇಳಿಸಿದೆ.
ಫಾಂಟು ಕಡತದೊಳಗಿಲ್ಲ. ಗದಗಿನಲ್ಲಿ ನಾನು ಮೊಳೆ ಜೋಡಿಸುತ್ತಿದ್ದಾಗ
ಮೊಳೆ ಮನೆಯಲ್ಲಿ ಮರೆತು ಮಾತು ಮಾತ್ರ ಯಾರೂ ಕಳಿಸುತ್ತಿರಲಿಲ್ಲ.
'ಳ' ಸಾಲದೆ ಬಂದರೆ ಸಂಗಪ್ಪ ಮಾಸ್ತರರು ವಾಕ್ಯವನ್ನೇ ತಿದ್ದುತ್ತಿದ್ದರು.
ಇಲ್ಲಿ ಫೋನು ಮಾಡಿ ತರಿಸಿಕೊಂಡೆ.

ಇವೆಲ್ಲ ಕೈಗೆ ಬಂದ ಕೆಲಸ. ಸಿಕ್ಕಿಬಿದ್ದದ್ದು ಒಂಬತ್ತನೇ ಪುಟದಲ್ಲಿ.
ಹನ್ನೊಂದು ವರ್ಷ ಪರಾಗ ಕೂಡಿಸಿ ಕೂಡಿಸಿ ಅಜ್ಜ ತಾನೇ ಎಬ್ಬಿಸಿದ ತಳಿ,
ಹೆಸರು ಮ್ಯಾವಿಸ್.
ಪರದೆಯ ಮೇಲೆ ಉರಿಯುತ್ತಿತ್ತು:
ಕನಕಾಂಬರ ಎನ್ನಲೋ ರಾಣಿ ಬಣ್ಣ ಎನ್ನಲೋ,
ಎರಡರ ನಡುವೆ, ಕೆಂಡದ ಮೇಲೆ ಆಡುವ ಗಾಳಿಯಂಥದ್ದು.
ಬೆಳಕಿನ ಬಣ್ಣವನ್ನು ಮಸಿಯ ಬಣ್ಣಕ್ಕೆ ತಿರುಗಿಸುವ ಗುಂಡಿ ಒತ್ತಿದೆ.
ಹೂವು ನೀರಲ್ಲಿ ನೆನೆದ ಬೆಕ್ಕಾಯಿತು.
ಮಜೆಂಟಾ ಏರಿಸಿದೆ, ಸಯಾನ್ ಪೂರ್ತಿ ತೆಗೆದೆ, ಹಳದಿಯನ್ನು ಬೇಡಿಕೊಂಡೆ.
ತುಂಬಿದ ಪಾವಿನ ಮೇಲೆ ಇನ್ನೊಂದು ಮುಷ್ಟಿ ಅಕ್ಕಿ,
ಸುರಿದಷ್ಟೂ ಹೊರಕ್ಕೆ.

ಶುಕ್ರವಾರ ಪ್ರೂಫ್ ನೋಡಲು ಅಜ್ಜ ಬಂದ.
ಊಟದ ಡಬ್ಬಿಯಲ್ಲಿ ಒದ್ದೆ ಪತ್ರಿಕೆ ಸುತ್ತಿ ಹೂವನ್ನೇ ತಂದಿದ್ದ.
ಬೆಳಕಿನ ಗೂಡಿನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟೆವು.
ಯಂತ್ರ ನಡೆಸುವ ಡೆರಿಕ್ ಕೂಡ ಚಹಾ ಹಿಡಿದು ಬಂದು ನಿಂತ.
ಯಾರೂ ಮಾತಾಡಲಿಲ್ಲ.
"ಐದನೇ ಮಸಿ ಹಾಕಬಹುದು," ಎಂದೆ, "ಇದೊಂದಕ್ಕೇ ಕಲಸಿದ್ದು."
ದರ ಹೇಳಿದೆ.
ಅಜ್ಜ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಹೊರಗೆ ವ್ಯಾನಿನಲ್ಲಿ ಪದಬಂಧ ತುಂಬುತ್ತಿದ್ದ ಮ್ಯಾವಿಸಳನ್ನು ಕರೆತಂದ.
ಆಕೆ ಕನ್ನಡಕ ಬದಲಿಸಿ, ಹೂ ನೋಡಿ, ಕಾಗದ ನೋಡಿ,
"ಇದು ನಾನಲ್ಲ, ನನ್ನ ತಂಗಿ," ಎಂದಳು.
ಆಮೇಲೆ: "ತಪ್ಪಿದೆ ಅಂತಲೇ ಬರೆದುಬಿಡಿ. ಬೇಕಾದವರು ಬಂದು ನೋಡಲಿ."

ಚಿತ್ರದ ಕೆಳಗೆ ಜಾಗ ಮಾಡಿದೆ, ಎಂಟು ಪಾಯಿಂಟಿನಲ್ಲಿ:
ಇದರ ಬಣ್ಣ ತಪ್ಪಿದೆ. ಆಗಸ್ಟ್ ಕೊನೆಗೆ ತೋಟಕ್ಕೆ ಬನ್ನಿ. ನಾಯಿ ಕಚ್ಚುವುದಿಲ್ಲ.
ಬರೀ ಕಪ್ಪು, ನೂರಕ್ಕೆ ನೂರು.
ಕಡತವನ್ನು ಕೊನೆಯ ಸಲ ತಪಾಸಣೆಗೆ ಬಿಟ್ಟೆ.
ದೋಷಗಳು: ಸೊನ್ನೆ, ಎಂದಿತು.

ಸಂಜೆ ಫಲಕಗಳು ಹೊರಬಂದವು, ಇನ್ನೂ ಬೆಚ್ಚಗೆ.
ಮಜೆಂಟಾದ್ದು, ಹಳದಿಯದ್ದು, ಸಯಾನಿನದ್ದು, ಕಪ್ಪಿನದ್ದು,
ನಾಲ್ಕೂ ಒಂದೇ ಅಲ್ಯುಮಿನಿಯಂ, ಒಂದೇ ಬೂದು.
ಯಾವುದಕ್ಕೆ ಯಾವ ಮಸಿ ಎಂದು
ಮೂಲೆಯ ಒಂದಕ್ಷರ ನೋಡಿಯೇ ತಿಳಿಯಬೇಕು.
ಡೆರಿಕ್ ಕಣ್ಣು ಕಿರಿದು ಮಾಡಿ ಓದುತ್ತ ಒಯ್ದ.

ಡಬ್ಬಿ ಇಲ್ಲೇ ಮರೆತು ಹೋಗಿದ್ದಾರೆ.