ಮೊದಲ ಅರ್ಧ ಗಂಟೆ ಉಚಿತ

ಗ್ರಿಮ್ಸ್‌ಬಿಯ ಫ್ರೀಮನ್ ಸ್ಟ್ರೀಟಿನಲ್ಲಿ
ಕುದುರೆ ಬಾಜಿಯ ಅಂಗಡಿ, ಅದರ ಮೇಲೆ ವಕೀಲರು.
ಹದಿನೇಳು ಮೆಟ್ಟಿಲು. ಎಣಿಸಿದೆ.
ಅಪ್ಪ ಬೀದರಿನ ಕೋರ್ಟಿನಲ್ಲಿ ಜವಾನ,
ಮೂರು ಸಲ ಹೆಸರು ಕೂಗುವುದೇ ಕೆಲಸ.
ಮನೆಗೆ ಬಂದು ಬಿಸಿನೀರಲ್ಲಿ ಗಂಟಲು ನೆನೆಸುತ್ತ ಅನ್ನುತ್ತಿದ್ದ:
ಆ ಮೆಟ್ಟಿಲೊಂದು ಹತ್ತಬ್ಯಾಡ ನೋಡವ್ವಾ,
ಗೆದ್ದವ ಸೋತ, ಸೋತವ ಸತ್ತ.
ಹತ್ತಿದೆ.

ಮಿಸ್ ಹ್ಯಾರಪ್‌ಗೆ ನನ್ನ ಮಗಳ ವಯಸ್ಸಿರಬೇಕು.
ಅರ್ಧ ತಿಂದ ಸ್ಯಾಂಡ್‌ವಿಚ್ ಡ್ರಾಯರಿಗೆ ತಳ್ಳಿ
"ಮೊದಲ ಅರ್ಧ ಗಂಟೆ ಉಚಿತ" ಎಂದಳು.
ಗೋಡೆ ಗಡಿಯಾರದ ಕೆಳಗೇ ಕೂತೆ,
ಕಣ್ಣಿಗೆ ಬೀಳದಿರಲಿ ಎಂದು.
ಕಿವಿಗೆ ಬೀಳುತ್ತಲೇ ಇತ್ತು.

ಎಲ್ಲಿಂದ ಹೇಳಲಿ?
ವೃದ್ಧರ ಆರೈಕೆ ಮನೆಯಲ್ಲಿ
ಹನ್ನೊಂದು ತಿಂಗಳು ಬರೀ ರಾತ್ರಿ ಪಾಳಿ.
ಹಗಲು ಕೇಳಿದ್ದಕ್ಕೆ ಮ್ಯಾನೇಜರು ನಕ್ಕದ್ದು:
ನಿಮ್ಮ ಕಡೆಯವರಿಗೆ ನಿದ್ದೆಗೆಡುವುದು ಅಭ್ಯಾಸವೇ ಅಲ್ಲವೇ?
ಎದೆಯ ಬಿಲ್ಲೆಯಲ್ಲಿ ನಾನು ಮ್ಯಾಂಡಿ.
ಮಹಾನಂದಾ ಅವರ ಬಾಯಿಗೆ ದೊಡ್ಡದಾಯಿತಂತೆ.
ಕೆಲಸದಿಂದ ತೆಗೆದ ಪತ್ರದಲ್ಲಿ ಮಾತ್ರ
ಪೂರ್ತಿ ಹೆಸರು, ಒಂದಕ್ಷರ ತಪ್ಪಿಲ್ಲ.

ನಾನು ಅವಮಾನ ಅಂದೆ.
ಅವಳು, ಯಾವ ತಾರೀಖು?
ಹೊಟ್ಟೆ ಉರಿಯಿತು ಅಂದೆ.
ಯಾರಿದ್ದರು ಅಲ್ಲಿ? ಇದೇ ಪದವೇ, ಇದರಂಥದ್ದೇ?
ಗಾಯ ತೋರಿಸಿದರೆ ಚಾಕುವಿನ ಅಳತೆ ಕೇಳುತ್ತಾಳಲ್ಲ
ಎಂದು ಸಿಟ್ಟೇ ಬಂತು.
ಆಮೇಲೆ ನೆನಪಾಯಿತು:
ಅಪ್ಪನೂ ಹೆಸರಷ್ಟೇ ಕೂಗುತ್ತಿದ್ದ.
ಅಳುವನ್ನು ಯಾವ ಕೋರ್ಟಿನಲ್ಲೂ
ಮೂರು ಸಲ ಕೂಗುವುದಿಲ್ಲ.

ಆಗ ಚೀಲದಿಂದ ಕ್ಯಾಲೆಂಡರ್ ತೆಗೆದೆ.
ಕಿರಾಣಿ ಅಂಗಡಿಯವ ಪುಕ್ಕಟೆ ಕೊಟ್ಟದ್ದು,
ಮೇಲೆ ಅಕ್ಕಿ ಮೂಟೆಯ ಚಿತ್ರ.
ಚೌಕ ಚೌಕದಲ್ಲೂ ಪೆನ್ಸಿಲ್ಲಿನಲ್ಲಿ
ಯಾರಿಗೆ ರಾತ್ರಿ, ಯಾರಿಗೆ ಹಗಲು, ಯಾರು ಏನಂದರು,
ಎಲ್ಲ ಕನ್ನಡದಲ್ಲಿ, ಕನ್ನಡ ಅಂಕಿಯಲ್ಲಿ,
ಸ್ಟಾಫ್ ರೂಮಿನಲ್ಲಿ ಯಾರೂ ಓದದಿರಲೆಂದು.
ಒಂದರ ಮೇಲೆ ಬೆರಳಿಟ್ಟು ಕೇಳಿದಳು,
ಇದೇನು, ಬಸವನಹುಳುವೇ?
ಆರು, ಅಂದೆ.
ಒಂದು ವಾರದಲ್ಲಿ ಆರು ರಾತ್ರಿ.
ಅವಳು ಪೆನ್ನು ಕೆಳಗಿಟ್ಟಳು.
ಅಳಿಸಬೇಡಿ. ತಿದ್ದಬೇಡಿ. ಒಂದು ಹಾಳೆಯೂ ಹರಿಯಬೇಡಿ.
ಹಾಲಿನ ಲೆಕ್ಕ ಬರೆದದ್ದೂ ಇರಲಿ.

ಗಡುವು ಮೂರು ತಿಂಗಳು, ಒಂದು ದಿನ ಕಮ್ಮಿ.
ಬೆರಳ ಗೆಣ್ಣುಗಳ ಮೇಲೆ ಎಣಿಸುತ್ತ
ಎರಡನೇ ಕೈಗೆ ಬಂದೆ: ಉಳಿದದ್ದು ಹತ್ತೊಂಬತ್ತು ದಿನ.
ಗೆದ್ದರೆ ನೂರಕ್ಕೆ ಮೂವತ್ತೈದು ಅವಳಿಗೆ.
ಸೋತರೆ ಫೀ ಇಲ್ಲ.
ಗೆಲ್ಲುತ್ತೇವೆಯೇ?
ಹತ್ತಕ್ಕೆ ನಾಲ್ಕು ಪಾಲು, ಎಂದಳು,
ಸುಳ್ಳು ಹೇಳಲು ಇನ್ನೂ ಕಲಿತಿರಲಿಲ್ಲ.
ಕೆಳಗೆ ಯಾರದೋ ಕುದುರೆ ಗೆದ್ದು ಕೇಕೆ ಎದ್ದಿತು.
ಇಬ್ಬರೂ ನಕ್ಕುಬಿಟ್ಟೆವು.

ನಿಮಗೆ ಬೇಕಾದ್ದೇನು, ಕೊನೆಗೆ ಕೇಳಿದಳು.
ಸಂಬಳದ ಬಾಕಿ. ಬರೆದಳು.
ಒಳ್ಳೆಯ ಕೆಲಸದವಳೆಂದು ಒಂದು ಪತ್ರ. ಬರೆದಳು.
ಹನ್ನೆರಡನೇ ಕೋಣೆಯ ಎಡ್ನಾಗೆ ತೊಂಬತ್ತೊಂದು,
ನಾನು ತಲೆ ಬಾಚಿದರೆ ಮಾತ್ರ ಉಣ್ಣುವವಳು.
ಅವತ್ತು ನನ್ನನ್ನು ಹಿಂಬಾಗಿಲಿಂದ ಕಳಿಸಿದರು,
ಹೋಗಿ ಬರ್ತೀನಿ ಅನ್ನಲೂ ಬಿಡಲಿಲ್ಲ.
ಅದು?
ಪೆನ್ನು ನಿಂತಿತು.
ಅದಕ್ಕೆ ಫಾರಮ್ಮಿನಲ್ಲಿ ಜಾಗವಿಲ್ಲ, ಎಂದಳು.
ಆದರೂ ಅಂಚಿನಲ್ಲಿ ಏನೋ ಗೀಚಿದಳು.
ತಲೆಕೆಳಗಾಗಿ ನನಗೆ ಓದಲಾದದ್ದು
ಒಂದೇ ಪದ: ಎಡ್ನಾ.

ಅರ್ಧ ಗಂಟೆ ಯಾವಾಗ ಮುಗಿಯಿತೋ
ಅವಳು ಹೇಳಲಿಲ್ಲ, ನಾನು ತಿರುಗಿ ನೋಡಲಿಲ್ಲ.
ಸಹಿ ಮಾಡಿದೆ, ಉದ್ದಕ್ಕೆ, ಪೂರ್ತಿ ಹೆಸರು.

ಇನ್ನು ಮುಂದೆ ಎಲ್ಲ ಬರೆದಿಡಿ ಅಂದಿದ್ದಳಲ್ಲ,
ಬಸ್ ಸ್ಟಾಪಿನಲ್ಲಿ ಕ್ಯಾಲೆಂಡರ್ ಬಿಚ್ಚಿ
ಇವತ್ತಿನ ಚೌಕ ತುಂಬಿಸಿದೆ:
ಮಧ್ಯಾಹ್ನ ೨-೪೦. ಗಾಳಿ, ಮೀನಿನ ವಾಸನೆ.
ಮೆಟ್ಟಿಲು ಹತ್ತಿ ಬಂದೆ, ಅಪ್ಪಾ.
ಸಾಕ್ಷಿ: ನನ್ನ ಚಿಪ್ಸ್ ಕಿತ್ತುಕೊಂಡು ಹೋದ
ಒಂದು ಕಡಲಹಕ್ಕಿ.